ಅಕ್ಕಿಕಾಳು ಹಾಕುವ ಮೊದಲು



ಬಸವ ಜಯಂತಿಗೆ ಇನ್ನು ಆರು ವಾರ. ಸಾಮೂಹಿಕ ವಿವಾಹದ ಅರ್ಜಿಗಳು ಮಠಕ್ಕೆ ಬರಲು ಶುರುವಾಗಿವೆ. ಬಸವಣ್ಣನವರ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆಯಂದು. ಅದೇ ಅಕ್ಷಯ ತದಿಗೆ. ಆ ದಿನ ಪಂಚಾಂಗ ತೆರೆಯಬೇಕಿಲ್ಲ, ಮುಹೂರ್ತ ಕೇಳಬೇಕಿಲ್ಲ, ದಿನವಿಡೀ ಒಳ್ಳೆಯದೇ ಎಂಬ ನಂಬಿಕೆ ನಮ್ಮ ಜನಕ್ಕೆ. ಆ ಗದ್ದಲದಲ್ಲಿ ವಯಸ್ಸು ತುಂಬದ ಹುಡುಗಿಯರ ಮದುವೆಗಳೂ ನುಸುಳುತ್ತವೆ. ಅಧಿಕಾರಿಗಳು ಆ ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹಂದರದಿಂದ ಹಂದರಕ್ಕೆ ಓಡಾಡುತ್ತಾರೆ. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗ ಕೊಟ್ಟವರು ಹುಟ್ಟಿದ ದಿನದಂದು ಅವರ ಮಕ್ಕಳೆನ್ನಿಸಿಕೊಂಡ ನಮ್ಮ ಹಂದರವನ್ನು ಸರ್ಕಾರದವರು ಕಾಯಬೇಕಾಗಿದೆ.

ಪೀಠದ ಮೇಲೆ ಕೂತವರು ತಮ್ಮನ್ನು ‘ನಾವು’ ಎನ್ನುವುದು ರೂಢಿ. ಇವತ್ತು ತಪ್ಪು ಒಪ್ಪಿಕೊಳ್ಳುವ ಮಾತಿದೆ. ತಪ್ಪನ್ನು ಬಹುವಚನದಲ್ಲಿ ಹೇಳಿದರೆ ಅದು ಎಲ್ಲರಿಗೂ ಹಂಚಿಹೋಗಿ ಯಾರಿಗೂ ಉಳಿಯುವುದಿಲ್ಲ. ಅದಕ್ಕೇ ‘ನಾನು’ ಎಂದೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಇದೇ ಸಾಮೂಹಿಕ ವಿವಾಹದಲ್ಲಿ ಸಾಲಿನ ಕೊನೆಗೆ ಒಂದು ಜೋಡಿ ಕೂತಿತ್ತು. ಪಟ್ಟಿಯಲ್ಲಿ ಇದ್ದದ್ದು ಅಕ್ಕನ ಹೆಸರು ಮಾತ್ರ. ಹಿಂದಿನ ರಾತ್ರಿ ತಂಗಿಗೂ ಒಂದು ಗಂಡು ಗೊತ್ತಾಗಿತ್ತು. “ಒಂದ ಹಂದರದಾಗ ಎರಡೂ ಮುಗಿಸಿಬಿಡ್ತೀನ್ರಿ ಅಜ್ಜಾರ, ಮತ್ತ ಸಾಲ ಎಲ್ಲಿ ಮಾಡ್ಲಿ” ಎಂದ ತಂದೆ. ಆಧಾರ್ ಕಾರ್ಡ್ ತೋರಿಸಿದ. ಅದರ ಲೆಕ್ಕಕ್ಕೆ ಹುಡುಗಿಗೆ ಹದಿನೆಂಟು ತುಂಬಿತ್ತು. ಬಾಸಿಂಗ ಮಾತ್ರ ಅವಳ ಹಣೆಗೆ ದೊಡ್ಡದಾಗಿ ಜಾರಿ ಜಾರಿ ಮೂಗಿನ ಮೇಲೆ ಬರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ನಗುತ್ತಾ ಸರಿಮಾಡುತ್ತಿದ್ದಳು. ನಾನೂ ನಕ್ಕೆ. ಕಣ್ಣು ಕಂಡಿತ್ತು, ಕೈ ಅಕ್ಕಿಕಾಳು ಹಾಕಿತು. ಆಮೇಲೆ ತಿಳಿಯಿತು, ಅವಳು ಒಂಬತ್ತನೆಯ ಇಯತ್ತೆಯ ಹುಡುಗಿ.

ಮರುವರ್ಷ ಅವಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸಿನ ತೂಕ ಒಂದೂವರೆ ಕಿಲೋ. ನಾಲ್ಕು ದಿನ ಇತ್ತು. ಹುಡುಗಿ ನಂಜಿನಿಂದ ಫಿಟ್ಸ್ ಬಂದು ಸತ್ತು ಬದುಕಿದಳು. ಅವಳ ತಾಯಿ ವಿಭೂತಿಗಾಗಿ ಅವಳನ್ನು ಕರೆತಂದಾಗ ಆ ಹುಡುಗಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ.

ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುವೆ. ಹದಿನೈದು ಹದಿನಾರರ ಹುಡುಗಿ ಇನ್ನೂ ಬೆಳೆಯುತ್ತಿರುತ್ತಾಳೆ. ಅವಳ ಸೊಂಟದ ಎಲುಬು ಪೂರ್ತಿ ಅಗಲವಾಗಿರುವುದಿಲ್ಲ. ಹೊಟ್ಟೆಯೊಳಗಿನ ಕೂಸೂ ಬೆಳೆಯಬೇಕು, ಹೊತ್ತವಳೂ ಬೆಳೆಯಬೇಕು, ತಾಟಿನಲ್ಲಿ ಇರುವುದು ಒಂದೇ ರೊಟ್ಟಿ. ಇಬ್ಬರಿಗೂ ಸಾಲದು. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಮ್ಮಿ ಎಂದು ಲೆಕ್ಕ, 7ರ ಕೆಳಗಿಳಿದರೆ ಅಪಾಯ. ನಮ್ಮ ಹುಡುಗಿಯರಲ್ಲಿ ಎಷ್ಟೋ ಜನ ಮೈನೆರೆದಾಗಿನಿಂದಲೂ ರಕ್ತ ಕಮ್ಮಿ ಇದ್ದವರೇ. ಅಂಥವಳು ಹೆರುವಾಗ ಬೇರೆಯವಳು ತಡೆದುಕೊಳ್ಳುವಷ್ಟೇ ರಕ್ತ ಹೋದರೂ ತಡೆದುಕೊಳ್ಳಲಾರಳು. ಇಪ್ಪತ್ತು ದಾಟಿದ ತಾಯಿಗಿಂತ ಹದಿಹರೆಯದ ತಾಯಿಗೆ ನಂಜು, ಸೋಂಕು ಹೆಚ್ಚು. ಅವಳ ಕೂಸು ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಸಂಭವವೂ ಹೆಚ್ಚು. ದೇವರು ಕೊಟ್ಟದ್ದು, ದೇವರು ಒಯ್ದ ಎಂದು ನಾವು ಸಮಾಧಾನ ಹೇಳುತ್ತೇವೆ. ಅಕ್ಕಿಕಾಳು ಹಾಕಿದ ಕೈ ಯಾರದು ಎಂದು ದೇವರು ಕೇಳಿದರೆ ಏನು ಹೇಳೋಣ?

ಹಿರಿಯರು ಒಂದು ಮಾತು ಎತ್ತುತ್ತಾರೆ. “ನಮ್ಮ ಅಮ್ಮ ಹನ್ನೆರಡಕ್ಕೆ ಲಗ್ನ ಆಗಿ ಹತ್ತು ಹಡದಾಳ, ಏನಾಗಿತ್ತು ಅಕಿಗೆ?” ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿದ್ದೀರಿ. ದುಡ್ಡು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಮದುವೆಯೂ ಹನ್ನೆರಡಕ್ಕೇ ಆದದ್ದು. ಹೆತ್ತದ್ದು ಹನ್ನೆರಡು. ಅದರಲ್ಲಿ ನಾಲ್ಕು ಉಳಿಯಲಿಲ್ಲ. ಊರಿನ ಕೂಸುಗಳನ್ನೆಲ್ಲ ಬದುಕಿಸಿದ ಕೈಗೇ ಹೀಗಾದರೆ ಉಳಿದವರ ಪಾಡೇನು? ನಿಮ್ಮ ಅಮ್ಮನವರು ಹತ್ತು ಹೆತ್ತದ್ದನ್ನು ಎಣಿಸುತ್ತೀರಿ. ತೊಟ್ಟಿಲಿನಿಂದಲೇ ಹೋದವನ್ನು ಅವರು ಒಬ್ಬರೇ ಎಣಿಸಿಕೊಂಡಿರುತ್ತಾರೆ. ಇವತ್ತು ಮನೆಗೆ ಹೋಗಿ ಕೇಳಿ ನೋಡಿ.

ಅಂಕಿಸಂಖ್ಯೆ ಪ್ರವಚನಕ್ಕೆ ಒಗ್ಗದು, ಆದರೂ ಎರಡು ಮೂರು ಹೇಳಬೇಕು. 2001–03ರ ಸುಮಾರಿಗೆ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಬಿಸಿಲಲ್ಲಿ ಚೀಲ ಹೊತ್ತು ತಿರುಗಿದ ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು, 108ರ ಗಾಡಿಯವರು ಸೇರಿ ಮಾಡಿದ ಕೆಲಸ ಇದು. ನೂರರಲ್ಲಿ 97 ಹೆರಿಗೆ ಈಗ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ ನೂರಕ್ಕೆ 21.3. ಅದರ ಹಿಂದಿನ ಸಮೀಕ್ಷೆಯಲ್ಲಿ 21.4 ಇತ್ತು. ಇಳಿದದ್ದು ಸಾಸಿವೆಕಾಳಿನಷ್ಟು. ಹೆರುವ ಹೊತ್ತಿಗೆ ಆಸ್ಪತ್ರೆಗೆ ಓಡುವುದನ್ನು ಕಲಿತೆವು, ಹೆರುವ ವಯಸ್ಸಿಗೆ ಕಾಯುವುದನ್ನು ಕಲಿಯಲಿಲ್ಲ.

ಯಾಕೆ ಕಲಿಯಲಿಲ್ಲ? ಬಡವರಿಗೆ ಬುದ್ಧಿ ಇಲ್ಲವೆಂದು ಪೇಟೆಯವರು ಹೇಳಿಬಿಡುತ್ತಾರೆ. ನಾನು ಹಾಗೆ ಹೇಳಲಾರೆ. ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಊರುಗಳ ಅರ್ಧ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡ, ಗೋವೆಯ ರಸ್ತೆ, ಕಬ್ಬಿನ ಗ್ಯಾಂಗು. “ಬೆಳೆದ ಹುಡುಗೀನ ಎಲ್ಲಿ ಬಿಟ್ಟು ಹೋಗೂದ್ರಿ ಅಜ್ಜಾರ? ಅಲ್ಲಿ ಒಯ್ದರ ತಗಡಿನ ಶೆಡ್ಡು, ಬಾಗ್ಲಾ ಇಲ್ಲ, ಚಿಲಕಾ ಇಲ್ಲ. ಇಲ್ಲಿ ಬಿಟ್ಟರ ಮುದುಕಿ ಒಬ್ಬಾಕಿ.” ಒಬ್ಬ ತಾಯಿ ಹೀಗೆ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಅವಳ ಕಣ್ಣಿಗೆ ಮದುವೆ ಎಂದರೆ ಮಗಳಿಗೆ ಒಂದು ಬಾಗಿಲು, ಒಂದು ಚಿಲಕ. ಊರಲ್ಲಿ ಏಳನೆಯ ತನಕ ಶಾಲೆ, ಆಮೇಲೆ ಹೈಸ್ಕೂಲಿಗೆ ಐದಾರು ಕಿಲೋಮೀಟರ್. ಬಸ್ಸು ಒಂದು ದಿನ ಬಂದರೆ ಒಂದು ದಿನ ಇಲ್ಲ. ದಾರಿಯಲ್ಲಿ ಬೈಕಿನ ಹುಡುಗರು. ಕೈ ತಪ್ಪಿ ಯಾರ ಜೋಡಿಯಾದರೂ ಹೋದರೆ ಎಂಬ ಹೆದರಿಕೆ. ಜೊತೆಗೆ ಅಜ್ಜಿ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಲಗ್ನ ನೋಡಬೇಕು, ಸೋದರಮಾವನಿಗೇ ಕೊಡಬೇಕು ಎಂಬ ಹಟ. ಹಟವನ್ನು ಬೈದು ಬಿಡಿಸಬಹುದು. ಹೆದರಿಕೆಯನ್ನು ಬೈದು ಬಿಡಿಸಲು ಆಗುವುದಿಲ್ಲ, ಅದಕ್ಕೆ ಜಾಗ ಕೊಡಬೇಕು.

ಅದಕ್ಕೆ ಮಠ ಈ ಸಲ ಒಂದು ಕೆಲಸ ಹಿಡಿದಿದೆ. ದಾಸೋಹದ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಭತ್ತದ ಚೀಲ ತುಂಬಿಸಿಟ್ಟಿದ್ದೆವು. ಅವನ್ನು ತೆರವು ಮಾಡಿದ್ದೇವೆ. ಗುಳೆ ಹೋಗುವವರ ಹೈಸ್ಕೂಲು ಹುಡುಗಿಯರು ಅಲ್ಲಿ ಇರಬಹುದು. ಊಟ ದಾಸೋಹದ್ದು. ರಾತ್ರಿ ಜೊತೆಗಿರಲು ಅಕ್ಕನ ಬಳಗದ ಇಬ್ಬರು ತಾಯಂದಿರು ಒಪ್ಪಿದ್ದಾರೆ. ಬಾಗಿಲಿದೆ, ಚಿಲಕವಿದೆ. ಚಿಲಕ ಒಳಗಿನಿಂದ.

ಇಲಕಲ್ಲಿನ ಮಹಾಂತ ಶಿವಯೋಗಿಗಳನ್ನು ನೋಡಿದವರು ನಿಮ್ಮಲ್ಲಿ ಇದ್ದೀರಿ. ಅವರು ಊರೂರು ತಿರುಗಿ ಜೋಳಿಗೆ ಒಡ್ಡಿದರು. ಕಾಳು ಕೇಳಲಿಲ್ಲ, ನಿಮ್ಮ ಕುಡಿತ ಹಾಕಿ, ಬೀಡಿ ಹಾಕಿ, ಗುಟ್ಕಾ ಹಾಕಿ ಎಂದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ಇವತ್ತು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅವರಷ್ಟು ದೊಡ್ಡ ಜೋಳಿಗೆ ನನ್ನದಲ್ಲ. ನನ್ನದರಲ್ಲಿ ಒಂದೇ ಒಂದು ಹಾಕಿ: ಮಗಳ ಜನ್ಮ ದಿನಾಂಕ, ಸುಳ್ಳಿಲ್ಲದೆ. ಆಧಾರ್ ಸಾಲದು, ಶಾಲೆಯ ದಾಖಲಾತಿ ಬೇಕು. ವಯಸ್ಸಿನ ರುಜುವಾತಿಗೆ ಕಾನೂನೂ ಮೊದಲು ಕೇಳುವುದು ಅದನ್ನೇ. 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲ ಗಳಿಗೆಯಿಂದಲೇ ಅಸಿಂಧು, ಅಂದರೆ ಅಲ್ಲಿ ಮದುವೆಯೇ ಆಗಿಲ್ಲವೆಂದು ಲೆಕ್ಕ. ಮಾಡಿಸಿದವರಿಗೆ, ನಡೆಸಿಕೊಟ್ಟವರಿಗೆ ಸೆರೆಮನೆ. ನಡೆಸಿಕೊಟ್ಟವರಲ್ಲಿ ಕಾವಿ ಉಟ್ಟವರೂ ಬರುತ್ತಾರೆ. ಯಾರಿಗಾದರೂ ಗೊತ್ತಾದರೆ 1098ಕ್ಕೆ ಫೋನ್ ಮಾಡಿ. ನನ್ನ ಮೇಲೆ ಮಾಡಬೇಕಾಗಿ ಬಂದರೂ ಮಾಡಿ.

ಈಗ ಬಾಣಂತಿಯ ಕೋಣೆಗೆ ಬರೋಣ. ಶರಣರು ಐದು ಸೂತಕ ಕಿತ್ತೊಗೆದರು: ಜನನ, ಜಾತಿ, ಪ್ರೇತ, ರಜಸ್ಸು, ಎಂಜಲು. ಅಂಗದ ಮೇಲೆ ಲಿಂಗ ಇದ್ದವರಿಗೆ ಮೈಲಿಗೆ ಎಲ್ಲಿಂದ ಬರಬೇಕು? ಎಂಟನೆಯ ತಿಂಗಳಲ್ಲಿ ಗರ್ಭಕ್ಕೇ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಹುಟ್ಟುವ ಮೊದಲೇ ಅದು ಶರಣ ಕೂಸು. ಅಂಥ ಕೂಸನ್ನೂ ಹಡೆದವಳನ್ನೂ ಕಿಟಕಿ ಮುಚ್ಚಿ, ಕೆಂಡದ ಹೊಗೆ ಹಾಕಿ, ಮೂಲೆಗೆ ಕೂರಿಸುತ್ತೇವೆ. ಗಿಣ್ಣದ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ ಕೂಸಿಗೆ ಸಕ್ಕರೆ ನೀರು ನೆಕ್ಕಿಸುತ್ತೇವೆ. ಎಮ್ಮೆ ಈದರೆ ಕರುವಿಗೆ ಮೊದಲ ಗಿಣ್ಣ ಬಿಡಬೇಕೆಂದು ಗೊತ್ತಿರುವ ರೈತರು ನಾವು! ಹುಟ್ಟಿದ ಒಂದು ತಾಸಿನೊಳಗೆ ಆ ಹಾಲು ಕೂಸಿನ ಬಾಯಿಗೆ ಹೋಗಬೇಕು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ.

ಆಸ್ಪತ್ರೆಯಿಂದ ಬಂದ ಬಾಣಂತಿಯನ್ನೂ ಕೂಸನ್ನೂ ನೋಡಲು ಆಶಾ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಬರುತ್ತಾಳೆ ಕೂಡ. ಕೆಲವು ಮನೆಗಳಲ್ಲಿ ಅವಳನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡುತ್ತಾರೆ. ಅವಳು ಯಾವ ಓಣಿಯವಳು ಎಂದು ನೋಡಿ ಹಾಗೆ ಮಾಡುತ್ತಾರೆ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಊಟ ಇದೆ, ಬಸುರಿಗೂ ಬಾಣಂತಿಗೂ ಮಧ್ಯಾಹ್ನದ ಬಿಸಿಯೂಟ. ಸೊಸೆ ಅಲ್ಲಿ ಹೋಗಿ ಉಣ್ಣುವುದು ಮನೆತನಕ್ಕೆ ಕಮ್ಮಿ ಎನ್ನುವವರಿದ್ದಾರೆ. ಅಡುಗೆ ಮಾಡುವವರು ಯಾರು ಎಂದು ವಿಚಾರಿಸುವವರೂ ಇದ್ದಾರೆ. ದಾಸೋಹದ ಪಂಕ್ತಿಯಲ್ಲಿ ಕೂತು ಎದ್ದುಹೋಗಿ ಹಾಗೆನ್ನುವವರಿಗೆ ಏನು ಹೇಳುವುದೋ ನನಗೆ ತಿಳಿಯದು. ನಾಳೆಯಿಂದ ಮಠದ ಪೂಜಾರಿಯ ಸೊಸೆ ಅಲ್ಲಿ ಉಣ್ಣುತ್ತಾಳೆ. ಅವಳಿಗೆ ಐದನೆಯ ತಿಂಗಳು.

ಕಳ್ಳ ಕುಬಸದ ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ, ಮೊದಲ ತಿಂಗಳುಗಳಲ್ಲಿ ದೃಷ್ಟಿ ಆಗಬಾರದೆಂದು ಗುಟ್ಟಾಗಿ ಉಡಿ ತುಂಬುವುದು ಚಂದವೇ. ಆದರೆ ಓಣಿಯವರಿಂದ ಮುಚ್ಚಿಟ್ಟದ್ದನ್ನು ಆಶಾಳಿಂದಲೂ ಮುಚ್ಚಿಡಬೇಡಿ. ಮೂರು ತಿಂಗಳೊಳಗೆ ತಾಯಿ ಕಾರ್ಡ್ ಆಗಲಿ. ಹೆರಿಗೆಗೆ ತವರಿಗೆ ಕಳಿಸುವಾಗ ಸೀರೆಯ ಜೊತೆ ಆ ಕಾರ್ಡನ್ನೂ ಗಂಟಿನಲ್ಲಿಡಿ. ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ತಿಪ್ಪೆಗೆ ಎಸೆಯುತ್ತೀರಂತೆ. ರಾತ್ರಿ ಊಟವಾದ ಮೇಲೆ ನುಂಗಿ, ಚಹಾದ ಜೊತೆ ಮಾತ್ರ ಬೇಡ.

ಗಂಡುಮಕ್ಕಳೇ, ಹಿಂದೆ ಕಂಬಕ್ಕೊರಗಿ ನಿಂತಿದ್ದೀರಿ. ಹದಿನೆಂಟು ತುಂಬಿದ ಮರುದಿನವೇ ಲಗ್ನ ಮಾಡಿ ಹತ್ತನೆಯ ತಿಂಗಳಿಗೆ ತೊಟ್ಟಿಲು ಕಟ್ಟಿದರೆ ಕಾನೂನು ಸುಮ್ಮನಿರಬಹುದು, ಹುಡುಗಿಯ ಮೈ ಸುಮ್ಮನಿರುವುದಿಲ್ಲ. ಮೊದಲ ಕೂಸಿಗೆ ಎರಡು ವರ್ಷ ತಡೆಯಿರಿ, ಎರಡನೆಯದಕ್ಕೆ ಮತ್ತೆ ಮೂರು. ನಿರೋಧ್, ಗುಳಿಗೆ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಗದ್ದುಗೆಯ ಮುಂದೆ ಈ ಮಾತು ಯಾಕೆ ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಆಗಲೇ ಮುಖ ಸಿಂಡರಿಸಿದರು. ಇರಲಿ. ತೂಕವಿಲ್ಲದ ಕೂಸಿಗೆ ಇದೇ ಗದ್ದುಗೆಯ ಮುಂದೆ ನಾಮಕರಣ ಮಾಡಿದ್ದೇವೆ.

ಮದುವೆ ಇಲ್ಲದೆ ಬಸುರಾದ ಹುಡುಗಿಯರ ಮಾತನ್ನು ಯಾರೂ ಎತ್ತುವುದಿಲ್ಲ. ಹೆದರಿ ಐದು ಆರು ತಿಂಗಳು ಮುಚ್ಚಿಟ್ಟು, ಯಾರೋ ಕೊಟ್ಟ ಗುಳಿಗೆ ನುಂಗಿ ಜೀವಕ್ಕೆ ತಂದುಕೊಳ್ಳುತ್ತಾರೆ. ಹದಿನೆಂಟರೊಳಗಿನ ಹುಡುಗಿಯಾದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ನಿಜ. ಆದರೆ ಬಸುರು ಇಳಿಸಲು ಬಂದ ಹುಡುಗಿಯೂ ಅವಳ ಪೋಷಕರೂ ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವಳನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಬಯ್ಯುವುದಿದ್ದರೆ ಆಮೇಲೆ ನನ್ನ ಹತ್ತಿರ ಬಂದು ನನ್ನನ್ನು ಬಯ್ಯಿರಿ.

ಆ ಹುಡುಗಿ ಕೇಳಿದ ಪ್ರಶ್ನೆ ಹೇಳುತ್ತೇನೆಂದಿದ್ದೆ. ವಿಭೂತಿ ಹಚ್ಚಿಸಿಕೊಂಡು ಎದ್ದವಳು ಬಾಗಿಲಲ್ಲಿ ನಿಂತು, “ಅಜ್ಜಾರ, ನಾ ಮತ್ತ ಸಾಲಿಗೆ ಹೋಗಾಕ ಬರತೈತೇನ್ರಿ?” ಎಂದಳು. ಅವಳ ತಾಯಿ ಕೈ ಹಿಡಿದು ಎಳೆದುಕೊಂಡು ಹೋದಳು. ನಾನು ಏನೂ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ.

ಈಗ ಗೊತ್ತಿದೆ. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಬಹುದು. ಸೋಮವಾರದಿಂದ ಮಠದ ಕಟ್ಟೆಯ ಮೇಲೆ ಎರಡು ಮೇಜು ಇರುತ್ತವೆ. ಒಂದರಲ್ಲಿ ವಿವಾಹದ ಅರ್ಜಿ, ಶಾಲೆಯ ದಾಖಲಾತಿ ನೋಡಲು ಹೆಡ್ ಮಾಸ್ತರರೂ ಆಶಾ ತಾಯಿಯೂ ಕೂತಿರುತ್ತಾರೆ. ಇನ್ನೊಂದರಲ್ಲಿ ಪರೀಕ್ಷೆಯ ಅರ್ಜಿ. ಮದುವೆಯಾದವರು, ಮಕ್ಕಳಿದ್ದವರು, ಶಾಲೆ ಬಿಟ್ಟು ಎಷ್ಟೇ ವರ್ಷ ಆದವರು ಬರಬಹುದು. ಫೀ ಮಠದ್ದು. ಕೂಸು ಎತ್ತಿಕೊಂಡೇ ಬನ್ನಿ, ಬರೆಯುವ ತನಕ ಹಿಡಿದುಕೊಳ್ಳಲು ನಾನು ಅಲ್ಲೇ ಇರುತ್ತೇನೆ.