ದೇಹದ ಹಕ್ಕು, ಮನೆಯವರ ಹಕ್ಕು

ಭಾರ ಎತ್ತಿ ಮೈ ಬೆಳೆಸುವುದು ದೀನಿಗೆ ಒಪ್ಪಿಗೆಯೇ ಎಂದು ಯುವಕರು ಕೇಳುವುದುಂಟು. ಉತ್ತರ ಸುಲಭ. ದುರ್ಬಲನಾದ ಸತ್ಯವಿಶ್ವಾಸಿಗಿಂತ ಬಲಿಷ್ಠನಾದವನು ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಇಬ್ಬರಲ್ಲೂ ಒಳಿತಿದೆಯೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಕಠಿಣವಾದ ಪ್ರಶ್ನೆ ಬೇರೆ: ನನ್ನ ಮೈ ಬೆಳೆಸಲು ನಾನು ಯಾರ ಪಾಲನ್ನು ಉಣ್ಣುತ್ತಿದ್ದೇನೆ?

ನಮ್ಮ ಸಿಂದಗಿ, ಇಂಡಿ ಸೀಮೆಗೆ ಈ ವಿದ್ಯೆ ಹೊಸದೇನಲ್ಲ. ಇಲ್ಲಿ ಗರಡಿಗೆ ತಾಲೀಮು ಎನ್ನುತ್ತಾರೆ. ಅದು ಕಲಿಸುವಿಕೆ ಎಂಬ ಅರ್ಥದ ಅರಬಿ ಪದವೇ ಆಗಿದೆ. ಇಂದು ಕನ್ನೊಳ್ಳಿಯಂತಹ ಹಳ್ಳಿಯ ಹುಡುಗನೂ ಮೊಬೈಲಿನಲ್ಲಿ ನೋಡಿ ಡಂಬೆಲ್ಸ್ ಎತ್ತುತ್ತಾನೆ. ಒಳ್ಳೆಯದೇ. ಆದರೆ ಡಬ್ಬಿಯ ಪುಡಿಯಿಲ್ಲದೆ ಮೈಕಟ್ಟು ಬಾರದೆಂದು ನಂಬಿ, ಹಮಾಲಿ ಮಾಡುವ ತಂದೆಯ ಮುಂದೆ ಕೈಯೊಡ್ಡಿದರೆ ಅದು ಬಲವೇ?

ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ಮನೆಯನ್ನೇ ಮರೆತಿದ್ದ ಅಬೂದರ್ದಾರಿಗೆ(ರ) ಸಲ್ಮಾನ್ ಫಾರಿಸಿಯವರು(ರ) ಬುದ್ಧಿ ಹೇಳಿದರು. ನಿಮ್ಮ ಮೇಲೆ ಪ್ರಭುವಿನ ಹಕ್ಕಿದೆ, ನಿಮ್ಮ ದೇಹದ ಹಕ್ಕಿದೆ, ಮನೆಯವರ ಹಕ್ಕೂ ಇದೆ. ಪ್ರತಿಯೊಬ್ಬರಿಗೂ ಅವರ ಹಕ್ಕನ್ನು ಸಲ್ಲಿಸಿರಿ ಎಂಬುದು ಅದರ ಸಾರ. ಸಲ್ಮಾನರು ಸತ್ಯ ನುಡಿದರೆಂದು ಪ್ರವಾದಿವರ್ಯರು(ಸ) ಒಪ್ಪಿದರು. ದೇಹದ ಹಕ್ಕು ಒಂಟಿಯಾಗಿ ಬಂದಿಲ್ಲ, ಉಳಿದ ಎರಡು ಹಕ್ಕುಗಳ ನಡುವೆ ಬಂದಿದೆ ಎಂಬುದನ್ನು ಗಮನಿಸಬೇಕು.

ದೇಹದ ಹಕ್ಕನ್ನು ಸಲ್ಲಿಸಲು ದುಬಾರಿ ಡಬ್ಬಿಯೇ ಬೇಕೆಂದಿಲ್ಲ. 60 ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವನಿಗೆ ಅದರ ಒಂದೂವರೆಯಿಂದ ಎರಡು ಪಟ್ಟು ಬೇಕಾದೀತು. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 100 ಗ್ರಾಂ ಬೇಳೆ, ಒಂದು ಹಿಡಿ ಶೇಂಗಾ, ಎರಡು ಮೊಟ್ಟೆ. ಇಷ್ಟರಲ್ಲೇ 75 ಗ್ರಾಂ ಕೂಡುತ್ತದೆ. ವಾರಕ್ಕೆ ಮೂರು ದಿನದ ವ್ಯಾಯಾಮ ಸಾಕು. ಹತ್ತು ಹನ್ನೆರಡು ಸಲ ಎತ್ತಬಲ್ಲ ಭಾರದಿಂದ ಆರಂಭಿಸಿ, ಅದು ಹಗುರವೆನಿಸಿದ ಮೇಲೆ ತುಸು ಏರಿಸಬೇಕು. ನಡುವಿನ ದಿನಗಳ ವಿಶ್ರಾಂತಿಯಲ್ಲೇ ಸ್ನಾಯು ಬೆಳೆಯುತ್ತದೆ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಪ್ರಿಯವೆಂಬ ಪ್ರವಾದಿ ಬೋಧನೆ ಇಲ್ಲಿಯೂ ದಾರಿದೀಪ. ಬೇಗ ಬೆಳೆಯಬೇಕೆಂದು ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವವನು ಹೃದಯ, ಯಕೃತ್ತುಗಳನ್ನು ಅಪಾಯಕ್ಕೊಡ್ಡಿ, ತನಗೊಪ್ಪಿಸಿದ ಅಮಾನತ್ತನ್ನೇ ಕೆಡಿಸುತ್ತಾನೆ.

ಇನ್ನು ಮನೆಯವರ ಹಕ್ಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರು ಉಣ್ಣುವುದೇ ಕೊನೆಗೆ. ಮಗ ತೋಳು ಬೆಳೆಸುತ್ತಾನೆಂದು ಹಾಲು, ಮೊಟ್ಟೆಯೆಲ್ಲ ಅವನ ತಟ್ಟೆಗೆ ಹೋದರೆ ಮಗಳ ಹಕ್ಕು ಎಲ್ಲಿ ಹೋಯಿತು? ಅವಳದೂ ಅಲ್ಲಾಹನು ಕೊಟ್ಟ ದೇಹವೇ ಅಲ್ಲವೇ? ತಂದೆತಾಯಿಯರೂ ಇದನ್ನು ಯೋಚಿಸಬೇಕು.

ಚೆನ್ನಾಗಿ ಕಾಣಬೇಕೆಂಬ ಆಸೆ ಪಾಪವಲ್ಲ. ಆದರೆ ಕನ್ನಡಿಯ ಮುಂದೆ ನಿಂತು ಅಸರ್ ನಮಾಝ್ ತಪ್ಪಿದರೆ ಪ್ರಭುವಿನ ಹಕ್ಕು ಹೋಯಿತು. ಇಪ್ಪತ್ತು ಕಿಲೋ ಎತ್ತುವ ಕೈಗೆ ತಾಯಿಯ ನೀರಿನ ಕೊಡ ಭಾರವಾದರೆ ಮನೆಯವರ ಹಕ್ಕು ಹೋಯಿತು. ನಿಜವಾದ ಬಲಶಾಲಿ ಕುಸ್ತಿಯಲ್ಲಿ ಕೆಡವುವವನಲ್ಲ, ಕೋಪ ಬಂದಾಗ ತನ್ನನ್ನು ಹಿಡಿದುಕೊಳ್ಳುವವನು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತಟ್ಟೆಯ ಮುಂದೆ ಕೈಯನ್ನು ಹಿಡಿದುಕೊಳ್ಳುವುದೂ ಆ ಬಲದ ಒಂದು ಭಾಗವೇ.

ಅಲ್ಲಾಹನು ನಮಗೆ ಬಲವನ್ನೂ, ಅದನ್ನು ಸರಿಯಾಗಿ ಬಳಸುವ ವಿವೇಕವನ್ನೂ ಕರುಣಿಸಲಿ.