ಅವ್ವನ ಏಸಿ, ತಮ್ಮನ ಗದ್ದೆ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಏಸಿ ಬಂತು. ಬೇರೆಯವರ ಮನೆಯಲ್ಲಾದರೆ ಇದು ಬರೆಯುವಂಥ ಸಂಗತಿಯೇ ಅಲ್ಲ. ರಾಯಚೂರಿನ ಬೇಸಿಗೆಯಲ್ಲಿ 42, 43 ಡಿಗ್ರಿ ಮಾಮೂಲು. ಆದರೆ ಏಸಿ ಹಾಕಿಸಿಕೊಂಡವರಿಗೆಲ್ಲ ಹತ್ತು ವರ್ಷಗಳಿಂದ ಉಪದೇಶ ಮಾಡಿಕೊಂಡು ಬಂದವನು ನಾನು. ಎನ್ನೆಸ್ಸೆಸ್ ಶಿಬಿರಗಳಲ್ಲಿ, ಕಾಲೇಜಿನ ಪರಿಸರ ದಿನಾಚರಣೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಕೂಡ. ನೆಂಟರು ನನ್ನನ್ನು ಕಂಡರೆ ಪ್ಲಾಸ್ಟಿಕ್ ಚೀಲ ಬಚ್ಚಿಡುತ್ತಿದ್ದರು ಎಂದರೆ ನನ್ನ ಕೀರ್ತಿ ಎಂಥದ್ದೆಂದು ತಿಳಿಯಬಹುದು.

ಅವ್ವನಿಗೆ 78 ವರ್ಷ. ಹಳ್ಳಿಯ ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಗೋಡೆ ದಪ್ಪ, ಮೇಲೆ ಮಣ್ಣಿನ ಹೊದಿಕೆ; ಬೇಸಿಗೆಯ ಮಧ್ಯಾಹ್ನವೂ ನೆಲಕ್ಕೆ ಬೆನ್ನು ಹಚ್ಚಿದರೆ ತಂಪು. ಈಗಿನದು ಆರ್‌ಸಿಸಿ ಮನೆ. ಹಗಲೆಲ್ಲ ಕಾದ ಛತ್ತು ರಾತ್ರಿ ಎರಡರವರೆಗೂ ಶಾಖವನ್ನು ಕೆಳಗಿಳಿಸುತ್ತದೆ. ಒಂದು ರಾತ್ರಿ ಅವ್ವ ನೀರು ಕೇಳಿದಳು, ಕೊಟ್ಟೆ. ಮತ್ತೆ ಕೇಳಿದಳು, ಕೊಟ್ಟೆ. ಮೂರನೆಯ ಸಲ ನನ್ನ ಅಪ್ಪನ ಹೆಸರು ಹಿಡಿದು ಕರೆದಳು. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷ. ಬೆಳಿಗ್ಗೆ ಡಾಕ್ಟರು ಸಲೈನ್ ಹಚ್ಚಿ, 'ಇವರನ್ನು ತಂಪು ಕೋಣೆಯಲ್ಲಿ ಇಡ್ರಿ' ಅಂದರು. ಸಂಜೆಗೆ ಏಸಿ ಬಂತು. ನಾನು ಯೋಚಿಸಲಿಲ್ಲ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಆಮೇಲೆ ಮಾಡಿದ ಯೋಚನೆ.

ಹಳ್ಳಿಯಲ್ಲಿ ಒಕ್ಕಲುತನ ಮಾಡುವ ತಮ್ಮ ಅವ್ವನನ್ನು ನೋಡಲು ಬಂದ. ಕೋಣೆಯ ಬಾಗಿಲು ತೆರೆದು, ತಂಪು ಗಾಳಿ ಮುಖಕ್ಕೆ ಬಡಿಸಿಕೊಂಡು, 'ಏನಣ್ಣ, ಭೂಮಿತಾಯಿ ಹ್ವಾದ್ಲು, ಹಡೆದ ತಾಯಿ ಉಳದ್ಲು?' ಅಂದ. ಕುಚೋದ್ಯವೇ. ಆದರೂ ನಾನು ನಗಲಿಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ನಮ್ಮ ಊರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ಸ್ಥಾವರವಿದೆ. ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್. ಹಗಲಲ್ಲಾದರೆ ಸೌರ ವಿದ್ಯುತ್ತಿನ ಪಾಲು ಇದೆ ಅಂದುಕೊಂಡು ಸಮಾಧಾನ ಪಡಬಹುದು, ರಾತ್ರಿ ಹನ್ನೊಂದಕ್ಕೆ ಸೂರ್ಯನನ್ನು ಎಲ್ಲಿಂದ ತರುವುದು? ಅವ್ವನ ಏಸಿಗೆ ರಾತ್ರಿಯೊಂದಕ್ಕೆ ಎಂಟು ಯೂನಿಟ್ ಬೇಕು. ಯೂನಿಟ್ಟಿಗೆ ಮುಕ್ಕಾಲು ಕಿಲೋದಷ್ಟು ಕಲ್ಲಿದ್ದಲು ಎಂದು ಹಿಡಿದರೂ ಐದಾರು ಕಿಲೋ ಆಯಿತು. ಅಂದರೆ ಒಂದು ಪುಟ್ಟಿ ಕಲ್ಲಿದ್ದಲನ್ನು ದಿನಾ ರಾತ್ರಿ ಅವ್ವನ ಮಂಚದ ಕೆಳಗಿಟ್ಟು ಸುಟ್ಟ ಹಾಗೆ. ಹೊಗೆ ಅವಳ ಮೂಗಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು, 'ನೀವೊಬ್ರು ಬಂದ್ ಮಾಡಿದ್ರ ಶಕ್ತಿನಗರದಾಗ ಒಂದು ಯೂನಿಟ್ ನಿಲ್ತದೇನ್ರಿ?' ಅಂದರು. ಇದು ಸ್ಟಾಫ್ ರೂಮಿನ ಮಾತಾದರೂ ಹಗುರವಾದ ಮಾತಲ್ಲ. ಅಮೆರಿಕದ ತತ್ವಶಾಸ್ತ್ರಜ್ಞ ವಾಲ್ಟರ್ ಸಿನ್ನಾಟ್-ಆರ್ಮ್‌ಸ್ಟ್ರಾಂಗ್ 2005ರಲ್ಲಿ ಬರೆದ ಪ್ರಬಂಧದ ವಾದವೂ ಹೆಚ್ಚುಕಡಿಮೆ ಇದೇ. ಭಾನುವಾರ ಸುಮ್ಮನೆ ಮೋಜಿಗಾಗಿ ಪೆಟ್ರೋಲ್ ಕುಡಿಯುವ ದೊಡ್ಡ ಕಾರು ಓಡಿಸಿದರೆ ಅದರಿಂದ ಯಾವ ಪ್ರವಾಹವೂ ಬರುವುದಿಲ್ಲ, ಓಡಿಸದಿದ್ದರೆ ಯಾವ ಪ್ರವಾಹವೂ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ಓಡಿಸಬಾರದೆಂಬ ನೈತಿಕ ಕಟ್ಟಳೆಯನ್ನು ಯಾವ ತತ್ವದಿಂದ ಹೊರಡಿಸುತ್ತೀರಿ ಎಂದು ಒಂದೊಂದೇ ತತ್ವವನ್ನು ಎತ್ತಿಕೊಂಡು ಕೇಳುತ್ತಾರೆ. ಸರ್ಕಾರಗಳಿಗೆ ಹೊಣೆಯಿದೆ, ಸರ್ಕಾರ ಆ ಹೊಣೆ ಹೊರುವಂತೆ ಮಾಡುವ ಕೆಲಸ ನಮ್ಮದು, ಕಾರು ಬಿಡುವುದರಲ್ಲಿ ಅದು ತೀರುವುದಿಲ್ಲ ಎಂಬುದು ಅವರ ನಿಲುವು.

ಇದಕ್ಕೆ ಎದುರಾಗಿ ಡೆರೆಕ್ ಪಾರ್ಫಿಟ್ 1984ರ ತಮ್ಮ ಪುಸ್ತಕದಲ್ಲಿ ಕಲ್ಪಿಸಿದ ಸಾವಿರ ಹಿಂಸಕರಿದ್ದಾರೆ. ಸಾವಿರ ಬಲಿಪಶುಗಳು, ಸಾವಿರ ಗುಂಡಿಗಳು. ಒಬ್ಬೊಬ್ಬ ಹಿಂಸಕ ಒಂದೊಂದು ಗುಂಡಿ ಒತ್ತಿದಾಗಲೂ ಪ್ರತಿಯೊಬ್ಬ ಬಲಿಪಶುವಿನ ನೋವು ಗೊತ್ತೇ ಆಗದಷ್ಟು ಹೆಚ್ಚುತ್ತದೆ. ಎಲ್ಲರೂ ಒತ್ತಿದ ಮೇಲೆ ನೋವು ಘೋರ. ಆದರೆ ಯಾರನ್ನು ಕೇಳಿದರೂ 'ನನ್ನಿಂದ ಏನೂ ಆಗಿಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು.

ನಮಗೆ ಇದು ಬೀರಬಲ್ಲನ ಕಥೆಯಾಗಿ ಚಿಕ್ಕಂದಿನಿಂದ ಗೊತ್ತು. ರಾತ್ರಿ ಹೊಂಡಕ್ಕೆ ಮನೆಗೊಂದು ಕೊಡ ಹಾಲು ಸುರಿಯಬೇಕೆಂದು ಬಾದಶಹನ ಅಪ್ಪಣೆ. ಎಲ್ಲರ ಹಾಲಿನಲ್ಲಿ ನನ್ನದೊಂದು ಕೊಡ ನೀರು ಯಾರಿಗೆ ತಿಳಿದೀತು ಎಂದು ಪ್ರತಿಯೊಬ್ಬನೂ ಲೆಕ್ಕ ಹಾಕಿದ. ಬೆಳಗಾದರೆ ಹೊಂಡದ ತುಂಬ ನೀರು. ನನ್ನ ಭಾಷಣಗಳಿಗೆಲ್ಲ ಇದೇ ಕಥೆ ಮುಕ್ತಾಯ. ಕೊನೆಯಲ್ಲಿ ಚಪ್ಪಾಳೆ ಖಚಿತ.

ಆ ಕಥೆಯಲ್ಲೊಂದು ತೂತು ಇದೆ ಎಂದು ತೋರಿಸಿದವಳು ಒಬ್ಬ ವಿದ್ಯಾರ್ಥಿನಿ. ನಾಲ್ಕು ವರ್ಷದ ಹಿಂದಿನ ಮಾತು. ಚರ್ಚಾ ಸ್ಪರ್ಧೆ, ವಿಷಯ, 'ಹವಾಮಾನ ಬದಲಾವಣೆಗೆ ಪ್ರತಿಯೊಬ್ಬ ವ್ಯಕ್ತಿಯೂ ಹೊಣೆ'. ನಾನು ತೀರ್ಪುಗಾರ. ದಿನಾ ಬಸ್ಸಿನಲ್ಲಿ ಹಳ್ಳಿಯಿಂದ ಬರುತ್ತಿದ್ದ ಆ ಹುಡುಗಿ ಮೈಕಿನ ಮುಂದೆ ನಿಂತು, 'ನಮ್ಮ ಮನ್ಯಾಗ ಎರಡು ಬಲ್ಬು, ಒಂದು ಫ್ಯಾನು ಅದಾವ ಸರ್. ಇದ್ರಾಗ ನಾನು ಯಾವುದು ಆರಿಸ್ಬೇಕು ಹೇಳ್ರಿ' ಅಂದಳು. ಸಭೆ ನಕ್ಕಿತು. ಆಮೇಲೆ ಅವಳು ಕೇಳಿದ್ದು: 'ಸರ್ ಯಾವಾಗ್ಲೂ ಬೀರಬಲ್ಲನ ಕಥಿ ಹೇಳ್ತಾರ. ಆಕಳಾ ಇಲ್ಲದ ಮನಿಯವ್ರು ಕೊಡದಾಗ ಏನು ತುಂಬಿಕೊಂಡು ಬರಬೇಕಿತ್ತು?' ವಿಷಯಾಂತರ ಎಂದು ಅಂಕ ಕಡಿಮೆ ಮಾಡಿದೆ. ಮೊದಲ ಬಹುಮಾನ ಹೋದದ್ದು 'ಜಲವೇ ಜೀವನ' ಎಂದು ಶುರುಮಾಡಿದ ಹುಡುಗನಿಗೆ.

ಅವಳು ಕೇಳಿದ್ದು ವಿಷಯದ ಹೃದಯವನ್ನೇ. 1991ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್‌ನ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್, ಅಮೆರಿಕದ ಸಂಸ್ಥೆಯೊಂದು ಹಾಕಿದ್ದ ಲೆಕ್ಕಕ್ಕೆ ಉತ್ತರವಾಗಿ ಒಂದು ಪುಸ್ತಿಕೆ ತಂದರು. ಪಶ್ಚಿಮದವರ ಕಾರಿನ ಹೊಗೆಯನ್ನೂ ಇಲ್ಲಿನ ಬಡ ರೈತನ ಭತ್ತದ ಗದ್ದೆ, ದನಗಳ ಮೀಥೇನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಎರಡು ವರ್ಷದ ನಂತರ ಹೆನ್ರಿ ಶ್ಯೂ ಎಂಬ ತತ್ವಶಾಸ್ತ್ರಜ್ಞ ಇದನ್ನೇ ಬದುಕಿಗಾಗಿ ಆಗುವ ಹೊರಸೂಸುವಿಕೆ, ಐಷಾರಾಮಕ್ಕಾಗಿ ಆಗುವ ಹೊರಸೂಸುವಿಕೆ ಎಂದು ಬೇರ್ಪಡಿಸಿ ಬರೆದರು. ಈ ಭೇದ ನನಗೆ ಆಗಲೇ ಗೊತ್ತಿತ್ತು. ಪಾಠ ಮಾಡುತ್ತಿದ್ದೆ ಕೂಡ. ಹುಡುಗಿಯ ಬಾಯಿಂದ ಬಂದಾಗ ಗುರುತು ಹಿಡಿಯಲಿಲ್ಲ.

ಗೊತ್ತಿದ್ದದ್ದು ಬೇರೆ ಕಡೆ ಉಪಯೋಗಕ್ಕೆ ಬರುತ್ತಿತ್ತು. ಯಾರಾದರೂ ಭಾರತವೂ ಕಲ್ಲಿದ್ದಲು ಬಿಡಬೇಕು ಎಂದರೆ ನಾನು ತಕ್ಷಣ, 'ಭಾರತೀಯನೊಬ್ಬನ ಪಾಲು ವರ್ಷಕ್ಕೆ ಎರಡು ಟನ್, ಅಮೆರಿಕದವನದು ಹದಿನಾಲ್ಕು' ಎನ್ನುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಎರಡು ಟನ್ ಯಾರದು? ಆ ಹುಡುಗಿಯ ಎರಡು ಬಲ್ಬನ್ನೂ ನನ್ನ ಕಾರನ್ನೂ ಕೂಡಿಸಿ ಭಾಗಿಸಿದಾಗ ಬಂದ ಸರಾಸರಿ. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಒಂದು ವರದಿ ಪ್ರಕಟಿಸಿತ್ತು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಬಡವರ ಹಿಂದೆ ಅಡಗಿಕೊಂಡು'. ಜಗತ್ತಿನ ಮುಂದೆ ಆ ಹುಡುಗಿಯ ಹಿಂದೆ ಅಡಗಿಕೊಂಡು, ಕಾಲೇಜಿನಲ್ಲಿ ಅವಳ ಅಂಕ ಕತ್ತರಿಸಿದವನು ನಾನು.

ಹಾಗಾದರೆ ಅವ್ವನ ಏಸಿ ಬದುಕೋ ಐಷಾರಾಮವೋ? ಏಪ್ರಿಲ್‌ನಲ್ಲಿ ನನಗೆ ಅನುಮಾನವಿರಲಿಲ್ಲ. ಜುಲೈನಲ್ಲಿ ಮಳೆ ಬಿದ್ದು ತಂಪಾದ ಮೇಲೂ ನಾನೇ ಅವ್ವನ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗತೊಡಗಿದಾಗ ಅನುಮಾನ ಬಂತು. ಅದೇ ಯಂತ್ರ, ಅದೇ ಗೋಡೆ. ಗೆರೆ ಯಾವಾಗ ದಾಟಿತೋ ತಿಳಿಯಲಿಲ್ಲ.

ಇನ್ನೊಂದು ಸಂಗತಿ. ಏಸಿಯ ಹೊರಗಿನ ಡಬ್ಬಿಯನ್ನು ಮೆಕ್ಯಾನಿಕ್ ಓಣಿಯ ಕಡೆಯ ಗೋಡೆಗೆ ಹಚ್ಚಿದ್ದ. ಎದುರು ಮನೆಯ ಅಜ್ಜಿ ಬೇಸಿಗೆಯಲ್ಲಿ ಓಣಿಯಲ್ಲೇ ಹೊರಸು ಹಾಕಿಕೊಂಡು ಮಲಗುವವರು. ಮೂರನೆಯ ದಿನ ಅವರ ಸೊಸೆ ಬಂದು, 'ಅಣ್ಣಾರ, ನಿಮ್ಮ ಮಷೀನು ಬಿಸಿಗಾಳಿ ನಮ್ಮತ್ತಿ ಮುಖಕ್ಕ ಊದತೈತ್ರಿ' ಅಂದಳು. ಅವ್ವನ ಕೋಣೆಯಿಂದ ಎತ್ತಿ ಹಾಕಿದ ಶಾಖ ಇನ್ನೊಬ್ಬ ಮುದುಕಿಯ ಮುಖಕ್ಕೆ. ಮೂರು ಸಾವಿರ ಖರ್ಚು ಮಾಡಿ ಮರುದಿನವೇ ಅದನ್ನು ಛತ್ತಿನ ಮೇಲಕ್ಕೆ ಎತ್ತಿಸಿದೆ. ಮುಖ ಕಂಡ ಹಾನಿಗೆ ಒಂದೇ ದಿನದಲ್ಲಿ ಪರಿಹಾರ ಸಿಕ್ಕಿತು. ಶಕ್ತಿನಗರದ ಹೊಗೆ ತಟ್ಟುವ ಮುಖಗಳು ಇನ್ನೂ ಹುಟ್ಟಿರಲಿಕ್ಕಿಲ್ಲ. ಅವರ ಸೊಸೆಯಂದಿರು ಬಂದು ನನ್ನ ಬಾಗಿಲು ಬಡಿಯುವುದಿಲ್ಲ.

ಈಗ ತಮ್ಮನ ಗದ್ದೆಯ ಮಾತು. ಅವನ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಮಾನ್ವಿ ತಾಲ್ಲೂಕಿನಲ್ಲಿ. ಇನ್ನೂರು ಕಿಲೋಮೀಟರಿಗೂ ಉದ್ದದ ಈ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮೇಲುಭಾಗದವರು ಭತ್ತ ಹಚ್ಚಿದರು. ಅವರಲ್ಲಿ ಯಾರೊಬ್ಬರೂ ಕೊನೆಭಾಗದವನ ಹೊಲ ಒಣಗಿಸಲೆಂದು ತೂಬು ತೆಗೆದವರಲ್ಲ. ಒಂದು ತೂಬಿನಿಂದ ಕಾಲುವೆಯಲ್ಲಿ ನೀರು ಇಳಿದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಪಾರ್ಫಿಟ್‌ನ ಹೆಸರು ಕೇಳದ ತಮ್ಮನಿಗೆ ಆ ಸಾವಿರ ಗುಂಡಿಗಳ ಕಥೆ ಹೇಳಿದಾಗ ಅವನು, 'ಇದನ್ನ ಹೇಳಾಕ ಅಷ್ಟು ದೂರ ಯಾಕ ಹೋಗ್ಬೇಕು, ಕಾಲುವಿ ಮ್ಯಾಲ ನಡಕೊಂಡು ಹೋದ್ರ ಸಾಕು' ಅಂದ.

ಆದರೆ ತಮ್ಮನೂ ಭತ್ತವನ್ನೇ ಹಚ್ಚುತ್ತಾನೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಂಥ ಕಡೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ಅದು ವಾತಾವರಣದಲ್ಲಿ ಹನ್ನೆರಡು ವರ್ಷದಷ್ಟೇ ಇದ್ದರೂ ಇರುವಷ್ಟು ಕಾಲ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಸದಾ ನೀರು ನಿಲ್ಲಿಸದೆ ಆಗಾಗ ಗದ್ದೆ ಆರಲು ಬಿಟ್ಟರೆ ಮೂರನೇ ಒಂದು ಭಾಗದಷ್ಟಾದರೂ ಮೀಥೇನ್ ತಗ್ಗುತ್ತದೆ, ನೀರೂ ಉಳಿಯುತ್ತದೆ. ಕೂರಿಗೆಯಿಂದ ನೇರವಾಗಿ ಬಿತ್ತಿದರೆ ಕೆಸರು ಮಾಡುವ, ಸಸಿ ಹಚ್ಚುವ ಖರ್ಚೂ ಇಲ್ಲ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದೆ. ಅವನು ಬೀಡಿ ಹಚ್ಚಿಕೊಂಡು ಪೂರ್ತಿ ಕೇಳಿದ.

'ಗದ್ದಿ ಆರಾಕ ಬಿಡ್ತೀನಿ ಅಂತ ಇಟ್ಕೋ. ಮುಂದಿನ ಸರದಿಗೆ ನೀರು ಬರ್ಲಿಲ್ಲ ಅಂದ್ರ?'

ನನ್ನ ಬಳಿ ಉತ್ತರವಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ತುಂಬಿ ನಿಂತಿದ್ದ ನೀರು ಹೊಳೆಗೆ ಹರಿದದ್ದನ್ನು ಅವನು ಫೋನಿನಲ್ಲಿ ಮತ್ತೆ ಮತ್ತೆ ನೋಡಿದ್ದ. ತಾತ್ಕಾಲಿಕ ಗೇಟು ಕೂಡಿಸುವವರೆಗೆ ಸುಮಾರು ವಾರ ಕಾಲ ಅವನಿಗೆ ನಿದ್ದೆಯಿಲ್ಲ. ಅಂಥವನು ನೀರು ಬಂದ ದಿನ ಬದು ತುಂಬ ನಿಲ್ಲಿಸಿಕೊಳ್ಳದೆ ಇನ್ನೇನು ಮಾಡುತ್ತಾನೆ? ತೂಬು ಮುಚ್ಚುವ ಕೈ ಅವನದೇ, ಆದರೆ ಮುಂದಿನ ಸರದಿ ಬರುತ್ತದೆ ಎಂಬ ನಂಬಿಕೆಯನ್ನು ಕೊಡಬೇಕಾದ ಕೈ ಬೇರೆ. ವ್ಯಕ್ತಿ ಬದಲಾಗಬೇಕೋ ವ್ಯವಸ್ಥೆ ಬದಲಾಗಬೇಕೋ ಎಂದು ನಾವು ವೇದಿಕೆಯ ಮೇಲೆ ಪರ ವಿರೋಧ ನಿಲ್ಲುತ್ತೇವೆ. ಆ ಜಗಳ ಕಾಲುವೆಯ ದಂಡೆಯ ಮೇಲೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಅಲ್ಲಿ ಮೇಲಿನವನು ತೂಬು ಮುಚ್ಚಬೇಕು, ಇಂಜಿನಿಯರ್ ಗೇಟು ನೋಡಿಕೊಳ್ಳಬೇಕು, ಸರದಿಯ ಪಟ್ಟಿ ನಿಜವಾಗಬೇಕು, ಎಲ್ಲವೂ ಒಂದೇ ವಾರದಲ್ಲಿ.

ದೊಡ್ಡ ಪರಿಹಾರಗಳನ್ನು ನಾನು ಅಲ್ಲಗಳೆಯುವುದಿಲ್ಲ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ವಿದ್ಯುತ್ ಆಗುತ್ತಿದೆ. ರೈತರ ಭೂಮಿ ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು, ವರ್ಷಾ ವರ್ಷ ಹಣ ಬರುತ್ತದೆ. ಬರದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಆದರೆ ಗುತ್ತಿಗೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಯಾವ ಪಹಣಿ? ಆಕಳಿಲ್ಲದ ಮನೆಯವರ ಪ್ರಶ್ನೆ ಅಲ್ಲಿಯೂ ಬಂದು ನಿಲ್ಲುತ್ತದೆ.

ಇನ್ನು 'ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು' ಎಂದು ಜನರನ್ನು ಲೆಕ್ಕ ಹಾಕಲು ಹಚ್ಚಿ ಆ ಮಾತನ್ನು ಮನೆಮಾತು ಮಾಡಿದ್ದು 2000ದ ದಶಕದಲ್ಲಿ ಬಿಪಿ ಎಂಬ ತೈಲ ಕಂಪನಿಯ ಜಾಹೀರಾತು. ಅದನ್ನು ತಿಳಿದಾಗ ನನಗೆ ಸಿಟ್ಟು ಬಂತು, ಜೊತೆಗೆ ಸ್ವಲ್ಪ ನಿರಾಳವೂ ಆಯಿತು. ಆ ನಿರಾಳದ ಬಗ್ಗೆಯೇ ನನಗೆ ಗುಮಾನಿ. ಕಳ್ಳ ಬರೆದುಕೊಟ್ಟ ಲೆಕ್ಕವೆಂದು ಲೆಕ್ಕ ಸುಳ್ಳಾಗುವುದಿಲ್ಲ.

ತಮ್ಮ ಹೊರಡುವಾಗ ಅಂಗಳದಲ್ಲಿ ನಿಂತು ಕೇಳಿದ. 'ಒಂದು ಎಕರೆ ಕೂರಿಗೀಲೆ ಬಿತ್ತಿ ನೋಡ್ತೀನಿ. ಇಳುವರಿ ಕಮ್ಮಿ ಬಂದ್ರ ನೀ ತುಂಬಿಕೊಡ್ತಿ ಏನು?' ಹತ್ತು ವರ್ಷ ಭಾಷಣ ಮಾಡಿದವನಿಗೆ ಯಾರೂ ಕೇಳದಿದ್ದ ಪ್ರಶ್ನೆ. ಪೂರ್ತಿ ಅನ್ನಲು ಧೈರ್ಯ ಸಾಲಲಿಲ್ಲ. ಅರ್ಧ ಅಂದೆ.

ಜೂನ್ ಕೊನೆಗೆ ಬಿತ್ತಿದ. ಆಗಸ್ಟ್‌ನಲ್ಲಿ ಒಂದು ಫೋಟೊ ಬಂತು: ಭತ್ತ ಯಾವುದು ಕಳೆ ಯಾವುದು ಗುರುತು ಸಿಗದ ಹಸಿರು. ನೀರು ನಿಲ್ಲದ ಗದ್ದೆಯಲ್ಲಿ ಕಳೆ ಜಾಸ್ತಿ ಎಂಬುದನ್ನು ನಾನು ಓದಿದ್ದೆ, ಅವನಿಗೆ ಒತ್ತಿ ಹೇಳಿರಲಿಲ್ಲ. ಕೆಳಗೆ ಧ್ವನಿ ಸಂದೇಶ: 'ಕಳೆ ತೆಗಿಸಾಕ ನಾಕು ಸಾವಿರ ಆತು. ನಿನ್ನ ಪಾಲು ಎರಡು.' ಹಣ ಕಳಿಸಿದೆ.

'ಯಾರದು ಫೋನು?' ಅಂದಳು ಅವ್ವ. ಹೇಳಿದೆ.

'ಇಬ್ಬರೂ ಸೇರಿ ಹೊಲಾ ಮಾಡಾಕತ್ತೀರೇನು,' ಎಂದು ಮಗ್ಗುಲಾದಳು. 'ಅದನ್ನ ಆರಿಸು, ಚಳಿ ಆಗತೈತಿ.'