ಅರಿವಿನ ಋಣ

ತಿಳಿಯದೆ ಸುಮ್ಮನಿದ್ದವನಿಗೆ ಕ್ಷಮೆಯುಂಟು. ತಿಳಿದೂ ಸುಮ್ಮನಿದ್ದವನಿಗೆ ಕ್ಷಮೆಯೆಲ್ಲಿಯದು? ರಕ್ತದಲ್ಲಿನ ಸಕ್ಕರೆಯನ್ನಳೆಯುವ ಪುಟ್ಟ ಯಂತ್ರವು ಈ ಹಳೆಯ ಪ್ರಶ್ನೆಯನ್ನು ಹೊಸದಾಗಿ ಮುಂದಿಟ್ಟಿದೆ. ಇದರ ಮೂಲತತ್ತ್ವವನ್ನು 1962ರಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಕಿಣ್ವವನ್ನು ಲೇಪಿಸಿದ ಪಟ್ಟಿಗೆ ಒಂದು ಹನಿ ರಕ್ತ ತಾಗಿದೊಡನೆ ಅಲ್ಪ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಪ್ರವಾಹವು ಹೆಚ್ಚು. ಕೆಲವೇ ಸೆಕೆಂಡುಗಳಲ್ಲಿ ಅಂಕಿಯು ಕಣ್ಣೆದುರಿಗೆ ನಿಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ಟರೂ ಅವರ ಸಂಗಡಿಗರೂ, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆಯನ್ನೂ ಇದೇ ಮಾರ್ಗದಲ್ಲಿ ಕೈಯಂತ್ರಕ್ಕೆ ಅಳವಡಿಸಿದ್ದಾರೆ.

ಗಡಿಯಂಚಿನ ನಂಗಲಿಯಂಥ ಊರಿನಿಂದ ರಕ್ತವನ್ನು ಮುಳಬಾಗಿಲಿಗೋ ಕೋಲಾರಕ್ಕೋ ಕಳುಹಿ ಉತ್ತರಕ್ಕೆ ಕಾಯುವಲ್ಲಿ, ವಿಳಂಬವು ರೋಗಿಗೆ ಕಷ್ಟವೂ ಹೌದು, ವೈದ್ಯನಿಗೆ ನೆಪವೂ ಹೌದು. ರೋಗಿಯು ಎದುರಿಗೆ ಕುಳಿತಿರುವಾಗಲೇ ಉತ್ತರ ಬಂದರೆ ಆ ನೆಪವು ಉಳಿಯದು. ಔಷಧಕ್ಕೆ ಗತಿಯಿಲ್ಲದ ಕೂಲಿಯವನಿಗೆ ಬರಿಯ ಅಂಕಿಯನ್ನು ಹೇಳಿ ಕಳುಹುವುದು ಭಯದಾನವಲ್ಲದೆ ಮತ್ತೇನು? ಅಂಕಿಯನ್ನು ಓದಿದವನು ಪಥ್ಯವನ್ನೂ, ಔಷಧವನ್ನೂ, ಮರಳಿ ಬರತಕ್ಕ ದಿನವನ್ನೂ ಹೇಳಲು ಬದ್ಧನು. ಯಂತ್ರವನ್ನು ಕೊಂಡ ಸಮಾಜವು ಬಡವನ ಔಷಧದ ವೆಚ್ಚವನ್ನೂ ಅಂದೇ ಹೊತ್ತುಕೊಂಡಿತೆಂದು ತಿಳಿಯತಕ್ಕದ್ದು.